ಮಾರತಹಳ್ಳಿಯಲ್ಲಿ ಹತ್ತಿದವನು ನಾನೇ, ಆಮೇಲೆ ಗೊತ್ತಿಲ್ಲ

ನೀವು ಕೇಳಿರುವುದು ಇಷ್ಟು: ‘ನಾನು’ ಅನ್ನುವುದೇ ಕರಗಿಹೋದ ಅನುಭವ ಯಾರಿಗಾದರೂ ಆಗಿದೆಯಾ? ಆದಮೇಲೆ ಆಫೀಸು, ಇಎಂಐ, ಟ್ರಾಫಿಕ್ ಎಲ್ಲ ಅರ್ಥವಿಲ್ಲದ್ದು ಅನ್ನಿಸುವುದಿಲ್ವಾ?

ನನಗೆ ಆಗಿದೆ. ಒಂದೇ ಸಲ. ಅದೂ ಟ್ರಾಫಿಕ್‌ನಲ್ಲೇ.

2018ರ ಮಳೆಗಾಲ. ನಾನು ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕಪತ್ರ ನೋಡುವವನು. ಅವತ್ತು 20ನೇ ತಾರೀಖು, ಜಿಎಸ್‌ಟಿ ರಿಟರ್ನ್ ಹಾಕಿ ಮುಗಿಸುವಷ್ಟರಲ್ಲಿ ತಲೆ ಚಿಟ್ಟು ಹಿಡಿದಿತ್ತು. ಬೆಂಗಳೂರಿನ ಮಾರತಹಳ್ಳಿಯಲ್ಲಿ 500ಡಿ ಬಸ್ಸು ಹತ್ತಿದೆ. ಫೋನ್ ಆಗಲೇ ಸತ್ತಿತ್ತು. ನೂರರ ನೋಟು ಕೊಟ್ಟೆ. ಚಿಲ್ಲರೆ ಇಲ್ಲ, ಇಳಿಯುವಾಗ ಇಸ್ಕೊಳ್ಳಿ ಅಂತ ಕಂಡಕ್ಟರ್ ಟಿಕೆಟ್ ಹಿಂದೆ ಪೆನ್ನಿನಲ್ಲಿ 80 ಅಂತ ಬರೆದುಕೊಟ್ಟರು.

ಕಾಡುಬೀಸನಹಳ್ಳಿ ಹತ್ತಿರ ಬಸ್ಸು ನಿಂತೇಹೋಯಿತು. ಜೋರು ಮಳೆ. ವೈಪರ್ ಕಿರ್ ಅಂತ ಅತ್ತ ಹೋಗಿ ಕಿರ್ ಅಂತ ಇತ್ತ ಬರುತ್ತಿತ್ತು. ಮುಂದಿದ್ದ ಗಾಡಿಗಳ ಕೆಂಪು ದೀಪ ಗಾಜಿನ ಮೇಲಿನ ನೀರಿನಲ್ಲಿ ಹರಡುವುದು, ವೈಪರ್ ಒರೆಸುವುದು, ಮತ್ತೆ ಹರಡುವುದು. ನೋಡಲು ಬೇರೆ ಏನೂ ಇಲ್ಲದ್ದರಿಂದ ಅದನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನೋಟ ಇತ್ತು, ನೋಡುವವನು ಇರಲಿಲ್ಲ.

ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಪಕ್ಕದಲ್ಲಿ ನಿಂತಿದ್ದವರ ಮುಡಿಯಿಂದ ಬಾಡಿದ ಮಲ್ಲಿಗೆಯ ವಾಸನೆ, ಯಾರದೋ ಟಿಫಿನ್ ಡಬ್ಬಿಯ ಹುಳಿ ವಾಸನೆ, ಹಾರ್ನ್ ಎಲ್ಲ ಇದ್ದವು. ಆದರೆ ಯಾವುದೂ ‘ನನಗೆ’ ಬರುತ್ತಿರಲಿಲ್ಲ, ಸುಮ್ನೆ ಇದ್ದವು. ಮೇಲಿನ ಕಂಬಿ ಹಿಡಿದಿದ್ದ ಕೈ ನನ್ನದು ಅಂತ ಗೊತ್ತಿತ್ತು. ಆದರೆ ಆ ಕಂಬಿ ಎಷ್ಟು ನನ್ನದೋ ಕೈಯೂ ಅಷ್ಟೇ ನನ್ನದು ಅನ್ನುವ ಹಾಗೆ. ಭಯವಿಲ್ಲ. ಆನಂದವೂ ಅಲ್ಲ. ಬೆಳಕು ಗಿಳಕು ಏನೂ ಕಾಣಲಿಲ್ಲ. ಭಾರವಾದದ್ದೇನನ್ನೋ ಯಾರೋ ತಲೆಯಿಂದ ಇಳಿಸಿಕೊಂಡ ಹಾಗಿತ್ತು.

‘ಸಿಲ್ಕ್ ಬೋರ್ಡ್, ಲಾಸ್ಟ್ ಸ್ಟಾಪ್, ಇಳೀರಿ ಸಾರ್’ ಅಂದಾಗ ವಾಪಸ್ ಬಂದೆ. ಬಂದ ಮೊದಲ ಲಕ್ಷಣವೇ ಸಿಟ್ಟು: ಅಯ್ಯೋ, ನಾನು ಇಳಿಯಬೇಕಿದ್ದ ಅಗರ ದಾಟಿಹೋಯ್ತಲ್ಲ! ‘ನಾನು’ ಅನ್ನುವವನು ಹೀಗೆ ರೇಗಿಕೊಂಡೇ ಮನೆಗೆ ಬಂದ. ಚಿಲ್ಲರೆ ಇಸ್ಕೊಳ್ಳಲು ಮರೆತಿದ್ದೆ ಅನ್ನುವುದು ಮನೆಗೆ ಬಂದಮೇಲೆ ನೆನಪಾಯಿತು.

ಹೆಂಡತಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ರೀ, ಮಧ್ಯಾಹ್ನ ಊಟ ಮಾಡಿದ್ರಾ?’ ಅಂದಳು. ಊರಿಗೆ ಫೋನ್ ಮಾಡಿದಾಗ ಅಮ್ಮ, ‘ದೇವ್ರು ಕಂಡ್ನೇನೋ?’ ಅಂದರು. ಕಾಣಲಿಲ್ಲ ಅಂದೆ. ‘ಹಂಗಾದ್ರೆ ಶುಗರ್ ಚೆಕ್ ಮಾಡ್ಸು.’

ನಗಬೇಡಿ, ಅದು ಒಳ್ಳೆಯ ಸಲಹೆ. ನಾನು ಹೋಗಿ ತೋರಿಸಿಕೊಂಡೆ. ಟೆಂಪೊರಲ್ ಲೋಬ್ ಅನ್ನುವ ಮಿದುಳಿನ ಭಾಗದಲ್ಲಿ ಹುಟ್ಟುವ ಒಂದು ಬಗೆಯ ಮೂರ್ಛೆರೋಗವಿದೆ. ಅದರಲ್ಲಿ ಮನುಷ್ಯ ಬೀಳದೆ, ನಡುಗದೆ, ಅರಿವು ಮಾತ್ರ ಬದಲಾಗಬಹುದು. ತುಂಬಾ ದಿನದ ಆತಂಕ, ನಿದ್ದೆಗೇಡು ಇದ್ದಾಗಲೂ ತನ್ನಿಂದ ತಾನೇ ದೂರ ನಿಂತ ಹಾಗೆ ಆಗುತ್ತದೆ. ಮಿದುಳಿನ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆ ಸರಿಯಾಗೇ ಬಂತು. ವಿಟಮಿನ್ ಬಿ12 ಮಾತ್ರ ಕಡಿಮೆ, ಸೊಪ್ಪು ತಿಂದು ಬೆಳೆದವರಿಗೆ ಅದೇನು ಹೊಸದಲ್ಲ. ನಿಮಗೆ ಹೀಗೆ ಮತ್ತೆ ಮತ್ತೆ ಆಗುತ್ತಿದ್ದರೆ, ಹೆದರಿಕೆಯಾಗುತ್ತಿದ್ದರೆ, ನಡುವಿನ ಹೊತ್ತು ಎಲ್ಲಿ ಹೋಯಿತೆಂದೇ ನೆನಪಿಲ್ಲದಿದ್ದರೆ, ಮೊದಲು ನರರೋಗದ ಡಾಕ್ಟರು, ಗುರುಗಳು ಆಮೇಲೆ.

ಪರೀಕ್ಷೆಯಲ್ಲಿ ಏನೂ ಇಲ್ಲ ಅಂದಮೇಲೆ ನನ್ನ ನಿಜವಾದ ರೋಗ ಶುರುವಾಯಿತು. ಅದು ಮತ್ತೊಮ್ಮೆ ಬೇಕು ಅನ್ನಿಸತೊಡಗಿತು. ಸೀಟು ಸಿಕ್ಕರೂ ಕೂರದೆ ಅದೇ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಮಳೆ ಬಂದರೆ ಆಫೀಸಿನಿಂದ ಬೇಗ ಹೊರಡುತ್ತಿದ್ದೆ. ಕೊನೆಗೆ ರಜೆ ಹಾಕಿ ಹತ್ತು ದಿನದ ವಿಪಸ್ಸನ ಧ್ಯಾನ ಶಿಬಿರಕ್ಕೂ ಹೋದೆ. ಬೆಳಗ್ಗೆ 4ಕ್ಕೆ ಗಂಟೆ, ದಿನಕ್ಕೆ ಸುಮಾರು ಹತ್ತು ತಾಸು ಕೂರುವುದು, ಮಾತಿಲ್ಲ, ಫೋನಿಲ್ಲ. ನನ್ನ ಮಂಡಿ ಎರಡನೇ ದಿನವೇ ಕೈಕೊಟ್ಟಿತು. ಆರನೇ ದಿನ ಕಣ್ಣು ಮುಚ್ಚಿ ಕೂತು ಗೃಹಸಾಲದ ಬಡ್ಡಿ ಲೆಕ್ಕ ಹಾಕುತ್ತಿದ್ದೆ, ಪೈಸೆ ಸಮೇತ. ತಪ್ಪು ಶಿಬಿರದ್ದಲ್ಲ. ಉಳಿದವರು ಕಲಿಯಲು ಬಂದಿದ್ದರು, ನಾನು ಬಾಕಿ ವಸೂಲಿಗೆ ಹೋಗಿದ್ದೆ.

ಆಮೇಲೆ ಓದಿದೆ. ವಿಲಿಯಂ ಜೇಮ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1902ರಲ್ಲೇ ಇಂಥ ಅನುಭವಗಳ ಗುರುತುಗಳನ್ನು ಬರೆದಿಟ್ಟಿದ್ದಾನೆ. ಮಾತಿಗೆ ಸಿಗುವುದಿಲ್ಲ, ಬೇಕೆಂದು ಹಿಡಿದಿಡಲು ಆಗುವುದಿಲ್ಲ, ಸಾಮಾನ್ಯವಾಗಿ ಅರ್ಧ ಗಂಟೆ, ಹೆಚ್ಚೆಂದರೆ ಒಂದೆರಡು ಗಂಟೆ. ನನ್ನದು ಆ ಮಿತಿಯೊಳಗೇ ಇದೆ ಅಂತ ಸಮಾಧಾನವಾಯಿತು, ಲೆಕ್ಕದವನಲ್ವಾ. ಇತ್ತೀಚಿನವರು ಮಿದುಳಿನ ಚಿತ್ರ ತೆಗೆದು ನೋಡಿದ್ದಾರೆ. ನಾವು ಸುಮ್ನೆ ಕೂತಾಗ ‘ನಾನು, ನನ್ನದು, ನನ್ನ ನಾಳೆ’ ಅಂತ ಮೆಲುಕು ಹಾಕುವ ಜಾಲವೊಂದಿದೆ, ಧ್ಯಾನದಲ್ಲಿ ಪಳಗಿದವರಲ್ಲಿ ಧ್ಯಾನದ ಹೊತ್ತಿಗೆ ಅದರ ಸದ್ದು ತಗ್ಗುತ್ತದೆ ಅನ್ನುತ್ತಾರೆ. ಸರಿ, ಹಾಗಾದರೆ ನನಗಾದದ್ದು ನಿಜವೋ ಸುಳ್ಳೋ? ಅನ್ನ ಕಂಡಾಗ ಮಿದುಳಿನಲ್ಲಿ ಏನೋ ಆಗುತ್ತದೆ, ಹಾಗಂತ ಅನ್ನ ಸುಳ್ಳಲ್ಲ. ಕನಸಿನಲ್ಲಿ ಅನ್ನ ಕಂಡಾಗಲೂ ಮಿದುಳಿನಲ್ಲಿ ಏನೋ ಆಗುತ್ತದೆ. ನನ್ನದು ಎರಡರಲ್ಲಿ ಯಾವುದು ಅಂತ ಒಳಗಿನಿಂದ ಹೇಳಲು ನನಗೆ ದಾರಿಯಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಅರ್ಥವಿಲ್ಲದ್ದು ಅನ್ನಿಸುವುದಿಲ್ವಾ ಅನ್ನುವುದು. ರಮಣ ಮಹರ್ಷಿಗಳಿಗೆ ಅನ್ನಿಸಿತ್ತು. 1896ರಲ್ಲಿ ಮಧುರೆಯ ಮನೆಯಲ್ಲಿ, 16ನೇ ವಯಸ್ಸಿನಲ್ಲಿ, ಇದ್ದಕ್ಕಿದ್ದ ಹಾಗೆ ಸಾವಿನ ಭಯ ಬಂತು, ಅದರ ಮೂಲಕವೇ ಆ ಅರಿವೂ ಬಂತು. ಕೆಲವೇ ವಾರಗಳಲ್ಲಿ ಸ್ಕೂಲು, ಮನೆ ಬಿಟ್ಟು ತಿರುವಣ್ಣಾಮಲೈಗೆ ಹೋದವರು 1950ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಂದ ಕದಲಲಿಲ್ಲ. ಇದನ್ನು ಓದಿ ನನಗೆ ಸ್ವಲ್ಪ ದಿಗಿಲೇ ಆಯಿತು. ನನ್ನ ಮಗಳು ಆಗಿನ್ನೂ ಐದನೇ ಕ್ಲಾಸು. ಆದರೆ ಅದೇ ರಮಣರು ಆಶ್ರಮದ ಅಡುಗೆಮನೆಯಲ್ಲಿ ಬೆಳಗಿನ ಜಾವ ಕೂತು ತರಕಾರಿ ಹೆಚ್ಚುತ್ತಿದ್ದರು ಅನ್ನುವುದನ್ನೂ ಓದಿದೆ. ಅವರ ಬಗ್ಗೆ ನನಗೆ ತುಂಬಾ ಇಷ್ಟವಾದ ಸಂಗತಿ ಅದು.

ನಮ್ಮೂರು ಶಿರಾಳಕೊಪ್ಪ. ಪಕ್ಕದಲ್ಲೇ ಬಳ್ಳಿಗಾವಿ, ಅಲ್ಲಮನ ಊರು. ಅಕ್ಕಮಹಾದೇವಿಯ ಉಡುತಡಿಯೂ ನಮ್ಮ ಶಿಕಾರಿಪುರ ತಾಲ್ಲೂಕಿನದೇ. ನಮ್ಮ ಕಡೆಯ ನೀರಿನಲ್ಲಿ ಏನೋ ಇದೆ ಅಂತ ಗೆಳೆಯರು ರೇಗಿಸುತ್ತಾರೆ. ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವವನು. ಹೆಂಡತಿ ಸತ್ತ ದುಃಖದಲ್ಲಿ ತೋಟದಲ್ಲಿ ಕೂತು ಕಾಲುಗುರಿನಿಂದ ನೆಲ ಕೆದಕುತ್ತಿರುವಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಆ ಕೆದಕುವಿಕೆ ನನಗೆ ಅರ್ಥವಾಗುತ್ತದೆ. ಆಮೇಲಿನ ಅಲ್ಲಮ ನನ್ನ ಅಳತೆಗೆ ಸಿಗುವವನಲ್ಲ.

ನನಗೆ ದಕ್ಕಿದ್ದು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಗಂಡ ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಈ ಆಸೆ ನಮಗ್ಯಾಕೆ, ಅಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ಸ್ಕೂಲಿನಲ್ಲಿ ಓದಿದಾಗ ಇದು ದುಡ್ಡಿನ ಕಥೆ ಅಂದುಕೊಂಡಿದ್ದೆ. ಶಿಬಿರದಿಂದ ಮಂಡಿ ಹಿಡಿದುಕೊಂಡು ಬಂದಮೇಲೆ ನೋಡಿದರೆ, ಇನ್ನೊಂದು ಹಿಡಿ ಅನುಭವಕ್ಕೆ ಅಂಗಳ ಕೆದಕುತ್ತಿದ್ದವನು ನಾನೇ. ಮಾರನೇ ದಿನದಿಂದ ಸೀಟು ಸಿಕ್ಕರೆ ಕೂರತೊಡಗಿದೆ.

ಹಾಗಾಗಿ, ಇಲ್ಲ, ಅರ್ಥವಿಲ್ಲದ್ದು ಅನ್ನಿಸಲಿಲ್ಲ. ಇಎಂಐ 2031ರವರೆಗೆ ಇದೆ. ಬಾಸ್ ಬೈದರೆ ಈಗಲೂ ರಾತ್ರಿ ನಿದ್ದೆ ಬರುವುದಿಲ್ಲ. ಒಂದು ಸಣ್ಣ ವ್ಯತ್ಯಾಸವಿದೆ. ಹಾಗೆ ಹೊರಳಾಡುವಾಗ, ಈ ಹೊರಳಾಡುವವನು ಒಂದು ಸಂಜೆ ಕಾಡುಬೀಸನಹಳ್ಳಿಯಲ್ಲಿ ಇರಲೇ ಇಲ್ಲವಲ್ಲ ಅಂತ ನೆನಪಾಗುತ್ತದೆ. ನೆನಪಾದ ತಕ್ಷಣ ನಿದ್ದೆ ಬರುತ್ತದೆ ಅಂತೇನಿಲ್ಲ.

ಆ ಟಿಕೆಟ್ ಇನ್ನೂ ಪರ್ಸಿನಲ್ಲಿದೆ. ಮಷಿನ್ ಟಿಕೆಟ್ ಅಲ್ವಾ, ತಾರೀಖು, ಹತ್ತಿದ ಜಾಗ, ಇಳಿಯಬೇಕಿದ್ದ ಜಾಗ ಎಲ್ಲ ಅಳಿಸಿಹೋಗಿ ಬರೀ ಬಿಳಿ ಕಾಗದವಾಗಿದೆ. ಹಿಂದೆ ಕಂಡಕ್ಟರ್ ಪೆನ್ನಿನಲ್ಲಿ ಬರೆದ 80 ಮಾತ್ರ ಹಾಗೇ ಇದೆ.