ಬಜ್ಜಿ ಎಣ್ಣೆ ಕುಡಿಯುತ್ತಿದೆಯೇ? ಸೋಡಾ ಡಬ್ಬಿ ಪಕ್ಕಕ್ಕಿಡಿ

ಮಳೆ ಹಿಡಿದುಕೊಂಡ ಮೇಲೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಮೆಣಸಿನಕಾಯಿ ಬಜ್ಜಿಯವೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೆ ಮೀಸಲು. ಇಲ್ಲಿ ಚಮಚ ಎಂದರೆ 5 ಮಿ.ಲೀ. ಟೀ ಚಮಚ, ಲೋಟ ಎಂದರೆ 200 ಮಿ.ಲೀ.

ಪ್ರಶ್ನೆ: ಹೋಟೆಲ್ ಬಜ್ಜಿ ಹಗುರವಾಗಿ ಉಬ್ಬಿರುತ್ತದೆ, ನನ್ನದು ಗಟ್ಟಿ. ಸೋಡಾ ಜಾಸ್ತಿ ಹಾಕಿದರೆ ಉಬ್ಬುತ್ತದೆ, ಆದರೆ ಹಿಂಡಿದರೆ ಎಣ್ಣೆ ಬರುತ್ತದೆ, ಬಣ್ಣವೂ ಕೆಂಪಗಾಗುತ್ತದೆ. ಸರಿಯಾದ ಅಳತೆ ಏನು? (ತುಮಕೂರು)

ಕೆಂಪು ಬಣ್ಣವೇ ಗುಟ್ಟು ಬಿಟ್ಟುಕೊಟ್ಟಿದೆ. ಹಿಟ್ಟಿಗೆ ಅರಿಸಿನ ಹಾಕಿದ್ದರೆ ಸೋಡಾ ಸೇರಿದ ಕೂಡಲೇ ಅದು ಕೆಂಪಿಗೆ ತಿರುಗುತ್ತದೆ, ಸುಣ್ಣ ತಾಗಿದ ಅರಿಸಿನದ ಹಾಗೆ. ಅರಿಸಿನ ಇಲ್ಲದಿದ್ದರೂ ಸೋಡಾ ಹೆಚ್ಚಾದ ಹಿಟ್ಟು ಬೇಗ ಕಂದುತ್ತದೆ. ಹೊರಗೆ ಬೆಂದಂತೆ ಕಾಣುತ್ತದೆ, ಒಳಗೆ ಹಸಿ. ಜೊತೆಗೆ ಸೋಪಿನಂಥ ಒಗರು. ಸೋಡಾದ ಗಾಳಿ ಹಿಟ್ಟಿನಲ್ಲಿ ತೂತು ಮಾಡುತ್ತದೆ, ಆ ತೂತುಗಳಲ್ಲೇ ಎಣ್ಣೆ ಹೋಗಿ ಕೂರುತ್ತದೆ.

ನಡುಗಾತ್ರದ 10 ಕಾಯಿಗೆ ಒಂದೂವರೆ ಲೋಟ ಕಡಲೆ ಹಿಟ್ಟು (ಸುಮಾರು 150 ಗ್ರಾಂ), 6 ಚಮಚ ಅಕ್ಕಿ ಹಿಟ್ಟು, ಮುಕ್ಕಾಲು ಚಮಚ ಉಪ್ಪು, ಅರ್ಧ ಚಮಚ ಅಚ್ಚಖಾರದ ಪುಡಿ, ಅರ್ಧ ಚಮಚ ಓಂಕಾಳು (ಅಂಗೈಯಲ್ಲಿ ತಿಕ್ಕಿ ಹಾಕಿ), ಒಂದು ಚಿಟಿಕೆ ಇಂಗು. ಸೋಡಾ ಎರಡು ಬೆರಳ ತುದಿಯಲ್ಲಿ ನಿಲ್ಲುವಷ್ಟೇ, ಅಂದರೆ ಚಮಚದ ಎಂಟನೇ ಒಂದು ಪಾಲು. ಹಿಟ್ಟನ್ನು ಜರಡಿ ಹಿಡಿಯುವುದನ್ನು ಮಾತ್ರ ಬಿಡಬೇಡಿ. ಮುಕ್ಕಾಲು ಲೋಟ ನೀರಿನಿಂದ ಶುರು ಮಾಡಿ, ಆಮೇಲೆ ಚಮಚದ ಲೆಕ್ಕದಲ್ಲಿ ಸೇರಿಸಿ. ಹಿಟ್ಟಿನ ಹಳತನ ನೋಡಿಕೊಂಡು ಇನ್ನೂ 4ರಿಂದ 6 ಚಮಚ ಹಿಡಿಯಬಹುದು.

ಹಗುರಾಗುವುದಕ್ಕೆ ಬೇಕಾದದ್ದು ಕೈ ಕೆಲಸ. ಹಿಟ್ಟು ಗಟ್ಟಿಯಿರುವಾಗಲೇ ಕೈಯಿಂದ ಎರಡು ಮೂರು ನಿಮಿಷ ಚೆನ್ನಾಗಿ ಬೀಸಿ ಕಲಸಿದರೆ ಬಣ್ಣ ಒಂದಿಷ್ಟು ತಿಳಿಯಾಗುತ್ತದೆ. ಗಾಳಿ ಸೇರಿದ್ದಕ್ಕೆ ಅದೇ ಗುರುತು. 10 ನಿಮಿಷ ಮುಚ್ಚಿಡಿ. ಎಣ್ಣೆ ಕಾದ ಮೇಲೆ ಅದರಲ್ಲೇ ಎರಡು ಚಮಚ ತೆಗೆದು ಹಿಟ್ಟಿಗೆ ಸುರಿದು, ಸೋಡಾ ಉದುರಿಸಿ ಕಲಸಿ, ತಡ ಮಾಡದೆ ಕರಿಯಿರಿ. ಸೋಡಾ ಹಾಕಿ ಅರ್ಧ ಗಂಟೆ ಇಟ್ಟರೆ ಗಾಳಿಯೆಲ್ಲ ಹೋಗಿರುತ್ತದೆ, ಆಗ ಇನ್ನೊಂದು ಚಿಟಿಕೆ ಹಾಕೋಣ ಅನ್ನಿಸುತ್ತದೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಇನ್ನು ಎಣ್ಣೆ. ಅದು ಬಹುಪಾಲು ಒಳಗೆ ಹೋಗುವುದು ಬಾಣಲೆಯಲ್ಲಿ ಕುದಿಯುವಾಗ ಅಲ್ಲ, ಹೊರಗೆ ತೆಗೆದ ಮೇಲೆ. ಕರಿಯುವಾಗ ಒಳಗಿನ ಹಬೆ ಹೊರಗೆ ನುಗ್ಗುತ್ತಿರುತ್ತದೆ, ಎಣ್ಣೆಗೆ ಜಾಗ ಬಿಡುವುದಿಲ್ಲ. ಬಜ್ಜಿ ಆರತೊಡಗಿದಾಗ ಹಬೆ ತಣಿದು ಮೇಲಿನ ಎಣ್ಣೆಯನ್ನು ಒಳಗೆಳೆಯುತ್ತದೆ. ಆದ್ದರಿಂದ ಜಾಲರಿ ಸೌಟಿನಲ್ಲಿ ಎತ್ತಿದ್ದನ್ನು ಬಾಣಲೆ ಮೇಲೆಯೇ ಹಿಡಿದು ನಾಲ್ಕಾರು ಸಲ ಕುಲುಕಿ, ಎಣ್ಣೆ ಇಳಿದ ಮೇಲೆ ಕೆಳಗಿಡಿ.

ಪ್ರಶ್ನೆ: ನಮ್ಮ ಕಡೆ ಗಿರ್ಮಿಟ್ಟಿನ ಜೋಡಿ ಮಿರ್ಚಿ ಇರಾಕ ಬೇಕು. ಆದ್ರ ಮನ್ಯಾಗ ಮಾಡಿದ್ರ ಹಿಟ್ಟು ಮಿರ್ಚಿಗೆ ಹತ್ತೂದೇ ಇಲ್ಲ, ಎಣ್ಯಾಗ ಬಿಟ್ಟ ಕೂಡ್ಲೇ ಬಿಚ್ಚಿಕೊಂಡು ಹೋಗ್ತದ. ಏನ್ ಮಾಡ್ಬೇಕ್ರಿ? (ಗದಗ)

ಮೆಣಸಿನಕಾಯಿ ಸಿಪ್ಪೆ ಮೇಲೆ ಮೇಣದಂಥ ಪದರ ಇರುತ್ತದೆ, ನೀರು ಅದರ ಮೇಲೆ ನಿಲ್ಲುವುದಿಲ್ಲ. ತೊಳೆದ ಕಾಯಿಯನ್ನು ಒರೆಸದೆ ಅದ್ದಿದರೆ ಹಿಟ್ಟು ಜಾರಿಬಿಡುತ್ತದೆ. ತೊಳೆದು, ಒಣ ಬಟ್ಟೆಯಲ್ಲಿ ತೊಟ್ಟಿನ ಸಂದಿಯನ್ನೂ ಒರೆಸಿ, ಅರ್ಧ ಗಂಟೆ ಗಾಳಿಗಿಡಿ. ಅದ್ದುವ ಮುಂಚೆ ಒಣ ಕಡಲೆ ಹಿಟ್ಟಿನಲ್ಲಿ ಹೊರಳಿಸಿ ಜಾಡಿಸಿ. ಆ ತೆಳು ಪುಡಿಯೇ ಹಿಟ್ಟನ್ನು ಹಿಡಿದುಕೊಳ್ಳುತ್ತದೆ.

ಹಿಟ್ಟಿನ ಹದಕ್ಕೆ ಬೆರಳೇ ಅಳತೆಗೋಲು. ಅದ್ದಿ ಎತ್ತಿದಾಗ ಉಗುರು ಕಾಣಬಾರದು, ಬೆರಳ ತುದಿಯ ಹನಿ ಬೀಳಲೋ ಬೇಡವೋ ಎಂದು ಒಂದು ಗಳಿಗೆ ತಡೆದು ಬೀಳಬೇಕು. ಎಳೆಯಾಗಿ ಸುರಿದರೆ ತೆಳ್ಳಗಾಯಿತು, ಒಂದು ಹಿಡಿ ಹಿಟ್ಟು ಸೇರಿಸಿ. ಇಡೀ ಹಿಟ್ಟನ್ನು ಉದ್ದನೆಯ ಲೋಟಕ್ಕೆ ಸುರಿದು, ಕಾಯಿಯ ತೊಟ್ಟು ಹಿಡಿದು ನೇರ ಅದ್ದುವುದು ಸುಲಭ. ಎತ್ತುವಾಗ ಒಂದು ಮಗ್ಗುಲನ್ನು ಲೋಟದ ಅಂಚಿಗೆ ಒರೆಸಿ. ಗಾಡಿಯ ಮಿರ್ಚಿಯಲ್ಲಿ ಉದ್ದಕ್ಕೆ ಹಸಿರು ಗೆರೆ ಕಾಣುತ್ತದಲ್ಲ, ಅದು ಅವಸರದಲ್ಲಿ ಆದದ್ದಲ್ಲ. ಕಾಯಿ ಅಲ್ಲಿಂದ ಬೇಯುತ್ತದೆ, ಹಬೆಯೂ ಅಲ್ಲಿಂದಲೇ ಹೊರಗೆ ಹೋಗುತ್ತದೆ.

ಹಿಟ್ಟು ಸರಿಯಿದ್ದೂ ಬಿಚ್ಚಿಕೊಂಡರೆ ಎಣ್ಣೆ ತಣ್ಣಗಿದೆ ಎಂದರ್ಥ. ಒಂದು ಹನಿ ಹಿಟ್ಟು ಬಿಡಿ. ತಳದಲ್ಲೇ ಕೂತರೆ ಕಾದಿಲ್ಲ. ಬಿದ್ದ ಕೂಡಲೇ ಚಿಮ್ಮಿ ಬಂದು ಕಂದಿದರೆ ಅತಿಯಾಯಿತು. ಮುಳುಗಿ, ಒಂದೆರಡು ಎಣಿಸುವಷ್ಟರಲ್ಲಿ ಸುತ್ತ ನೊರೆ ಕಟ್ಟಿಕೊಂಡು ಮೇಲೆ ಬಂದರೆ ಸರಿ. ಥರ್ಮಾಮೀಟರ್ ಇದ್ದವರಿಗೆ ಅದು 170ರಿಂದ 175 ಡಿಗ್ರಿ ಸೆಲ್ಸಿಯಸ್. ಒಮ್ಮೆಗೆ ನಾಲ್ಕೇ ಬಿಡಿ, ಬಾಣಲೆ ತುಂಬಿದರೆ ಎಣ್ಣೆ ತಣಿಯುತ್ತದೆ. ಬಿಟ್ಟ ಮೇಲೆ ಅರ್ಧ ನಿಮಿಷ ಮುಟ್ಟಬೇಡಿ, ಮೇಲ್ಪದರ ಗಟ್ಟಿಯಾದ ನಂತರ ತಿರುಗಿಸಿ. ಮೂರು ನಾಲ್ಕು ನಿಮಿಷಕ್ಕೆ ಗುಳ್ಳೆಗಳ ಸದ್ದು ಇಳಿಯುತ್ತದೆ, ಆಗ ತೆಗೆಯಿರಿ.

ಪ್ರಶ್ನೆ: ಮಕ್ಕಳಿಗೆ ಖಾರ ಆಗುವುದಿಲ್ಲ. ಬೀಜ ತೆಗೆದರೂ, ಉಪ್ಪು ನೀರಲ್ಲಿ ನೆನೆಸಿದರೂ ಕೆಲವು ಕಾಯಿ ಉರಿಯುತ್ತವೆ. (ಮೈಸೂರು)

ಖಾರ ಇರುವುದು ಬೀಜದಲ್ಲಲ್ಲ. ಬೀಜ ಅಂಟಿಕೊಂಡಿರುತ್ತದಲ್ಲ, ಆ ಬಿಳಿ ತಿರುಳಿನಲ್ಲಿ. ಬೀಜಕ್ಕೆ ತಾಗಿರುವುದು ಅಲ್ಲಿಯದೇ ಖಾರ. ತೊಟ್ಟಿನ ಕೆಳಗೆ ತಿರುಳು ದಪ್ಪ, ತುದಿಯ ಕಡೆ ಕಮ್ಮಿ. ಅದಕ್ಕೇ ಬಜ್ಜಿಯ ಮೊದಲ ತುತ್ತು ಸಪ್ಪೆ, ಕೊನೆಯದು ಕಣ್ಣೀರು. ಉದ್ದಕ್ಕೆ ಒಂದೇ ಸೀಳು ಕೊಟ್ಟು, ಚಮಚದ ಹಿಡಿಯಿಂದ ತೊಟ್ಟಿನವರೆಗೂ ತಿರುಳನ್ನು ಕೆರೆದು ತೆಗೆಯಿರಿ. ಉಪ್ಪು ನೀರಿನಿಂದ ರುಚಿ ಬರುತ್ತದೆ, ಆದರೆ ಮೆಣಸಿನ ಖಾರ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಕೈ ಉರಿದರೆ ಮೊದಲು ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಬಾಯಿ ಉರಿದರೆ ಮೊಸರು.

ಸೀಳುವುದಕ್ಕೆ ಇನ್ನೊಂದು ಕಾರಣವೂ ಇದೆ: ಇಡೀ ಕಾಯಿಯೊಳಗೆ ಹಬೆ ಕಟ್ಟಿಕೊಂಡು ಎಣ್ಣೆಯಲ್ಲಿ ಸಿಡಿಯಬಹುದು. ಸೀಳಿದ ಜಾಗಕ್ಕೆ ಹೂರಣ ಸವರಿದರೆ ರುಚಿಯೇ ಬೇರೆ. ಗೋಲಿಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ, ಒಂದು ಚಮಚ ಹುರಿದ ಜೀರಿಗೆ ಪುಡಿ, ಅರ್ಧ ಚಮಚ ಉಪ್ಪು, ಆರು ಚಮಚ ಹುರಿದ ಶೇಂಗಾ ಪುಡಿ. ಇದು ಉಂಡೆ ಕಟ್ಟುವಷ್ಟು ಗಟ್ಟಿಯಿರಬೇಕು, ನೀರಾದರೆ ಎಣ್ಣೆ ಸಿಡಿಯುತ್ತದೆ. ಹುಳಿ ಸೇರಿದ ಮೇಲೆ ಖಾರವೂ ಅಷ್ಟು ಹತ್ತುವುದಿಲ್ಲ.

ಪ್ರಶ್ನೆ: ಇಲ್ಲಿ ಬಜ್ಜಿ ಮೆಣಸಿನಕಾಯಿ ಸಿಗುವುದಿಲ್ಲ. ಯಾವುದು ತರಲಿ? (ಡಲ್ಲಾಸ್, ಅಮೆರಿಕ)

ಬನಾನಾ ಪೆಪ್ಪರ್ ತನ್ನಿ, ತಿಳಿ ಹಳದಿ ಹಸಿರಿನದು. ಖಾರ ಇಲ್ಲವೇ ಇಲ್ಲ ಎನ್ನಬಹುದು. ಒಂದಿಷ್ಟು ಖಾರ ಬೇಕೆನ್ನುವವರಿಗೆ ಅನಹೈಮ್. ಅದು ದೊಡ್ಡದು, ಅಡ್ಡ ಅರ್ಧ ಮಾಡಿಕೊಳ್ಳಿ. ಹಲಪೇನ್ಯೊ ಗಿಡ್ಡ, ಸಿಪ್ಪೆ ದಪ್ಪ, ಬೇಯುವಷ್ಟರಲ್ಲಿ ಹಿಟ್ಟು ಕಂದಿರುತ್ತದೆ. ಅಲ್ಲಿನ ಸೂಪರ್ ಮಾರ್ಕೆಟ್ಟಿನ ಕಡಲೆ ಹಿಟ್ಟು ಕಾಬೂಲಿ ಕಡಲೆಯದಾಗಿರಬಹುದು, ನೀರು ಹಿಡಿಯುವ ರೀತಿ ಬೇರೆ. ಭಾರತೀಯ ಅಂಗಡಿಯಲ್ಲಿ ಕಡಲೆ ಬೇಳೆಯ ಬೇಸನ್ ಎಂದೇ ಕೇಳಿ. ಹುರಿಗಡಲೆ ಹಿಟ್ಟನ್ನಂತೂ ಬಳಸಬೇಡಿ, ಅದು ಕಚ್ಚಿಕೊಳ್ಳುವುದೇ ಇಲ್ಲ. ಕರೆಂಟ್ ಒಲೆಯಲ್ಲಿ ತಣಿದ ಎಣ್ಣೆ ಮತ್ತೆ ಕಾಯುವುದು ನಿಧಾನ, ಒಮ್ಮೆಗೆ ಎರಡೋ ಮೂರೋ ಬಿಡಿ. ನಿಮ್ಮ ಥರ್ಮಾಮೀಟರಿನಲ್ಲಿ 340ರಿಂದ 350 ಫ್ಯಾರನ್‌ಹೀಟ್ ತೋರಿಸಬೇಕು.

ಪ್ರಶ್ನೆ: ಏರ್ ಫ್ರೈಯರ್‌ನಲ್ಲಿ ಆಗುತ್ತದೆಯೇ? (ಬೆಂಗಳೂರು)

ಈ ಹಿಟ್ಟಿಗೆ ಆಗುವುದಿಲ್ಲ. ಗಟ್ಟಿಯಾಗುವ ಮುಂಚೆಯೇ ಜಾಲರಿಯಿಂದ ಕೆಳಗಿಳಿದಿರುತ್ತದೆ. ಎಣ್ಣೆ ಕಮ್ಮಿ ಬೇಕಿದ್ದರೆ ಕಾಯಿಯನ್ನು ಹೆಚ್ಚಿ ಇದೇ ಹಿಟ್ಟಿಗೆ ಹಾಕಿ, ಪಡ್ಡಿನ ಕಾವಲಿಯಲ್ಲಿ ಗುಳಿಗೆ ಅರ್ಧ ಚಮಚ ಎಣ್ಣೆ ಬಿಟ್ಟು ಬೇಯಿಸಿ. ಚೆನ್ನಾಗಿರುತ್ತದೆ, ಆದರೆ ಅದನ್ನು ಬಜ್ಜಿ ಎನ್ನಲಾಗದು.

ಪ್ರಶ್ನೆ: ನೆಂಟರು ಬರುವ ಹೊತ್ತಿಗೆ ಬಜ್ಜಿ ಮೆತ್ತಗಾಗಿರುತ್ತದೆ. (ಶಿವಮೊಗ್ಗ)

ಪೇಪರ್ ಮೇಲೆ ರಾಶಿ ಹಾಕಿ ಮುಚ್ಚಿಟ್ಟರೆ ತಮ್ಮ ಹಬೆಯಲ್ಲೇ ನೆನೆಯುತ್ತವೆ. ತಂತಿ ಜಾಲರಿ ಮೇಲೆ ಒಂದಕ್ಕೊಂದು ತಾಗದಂತೆ, ಮುಚ್ಚದೆ ಇಡಿ. ಇಲ್ಲವೇ ಮುಕ್ಕಾಲು ಬೇಯಿಸಿ ತೆಗೆದಿಟ್ಟು, ನೆಂಟರು ಕೂತ ಮೇಲೆ ಸ್ವಲ್ಪ ಹೆಚ್ಚು ಕಾದ ಎಣ್ಣೆಯಲ್ಲಿ ಒಂದು ನಿಮಿಷ ಮತ್ತೆ ಕರಿಯಿರಿ. ಮೆತ್ತಗಾದವನ್ನೂ ಎಸೆಯಬೇಡಿ. ಬೆರಳಗಲ ತುಂಡು ಮಾಡಿ ಕರಿದು, ಮೇಲೆ ಈರುಳ್ಳಿ, ಕೊತ್ತಂಬರಿ, ನಿಂಬೆರಸ ಹಾಕಿದರೆ ಕಟ್ ಮಿರ್ಚಿ. ಅದಕ್ಕಾಗಿಯೇ ನಾಲ್ಕು ಉಳಿಸಿಕೊಳ್ಳುವವರೂ ಇದ್ದಾರೆ.

ಪ್ರಶ್ನೆ: ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು? (ಹಾಸನ)

ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕೆಟ್ಟು ಅದರಲ್ಲಿ ಹುಟ್ಟುವ ಅಂಶಗಳು (ಒಟ್ಟು ಧ್ರುವೀಯ ಸಂಯುಕ್ತಗಳು) ಶೇ. 25 ದಾಟಿದರೆ ಆ ಎಣ್ಣೆ ಬಳಸಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ನಿಯಮ ಮಾಡಿದೆ. ಮನೆಯಲ್ಲಿ ಅಳೆಯುವ ಉಪಕರಣ ಇರುವುದಿಲ್ಲ, ಕಣ್ಣು ಮೂಗನ್ನೇ ನಂಬಬೇಕು. ಅಂಟಂಟಾಗಿ ದಪ್ಪಗಾಗಿದ್ದರೆ, ಕಾಯಿಸಿದಾಗ ಬೇಗ ಹೊಗೆಯಾಡಿದರೆ, ನೊರೆ ಇಳಿಯದಿದ್ದರೆ ಚೆಲ್ಲುವುದೇ ಸರಿ. ಬಜ್ಜಿ ಕರಿದ ಎಣ್ಣೆ ಬೇಗ ಕೆಡಲು ಕಾರಣ ತಳದಲ್ಲಿ ಉಳಿದು ಸೀಯುವ ಹಿಟ್ಟಿನ ಚೂರುಗಳು. ಪ್ರತಿ ಸರತಿಗೂ ಜಾಲರಿಯಿಂದ ಅವನ್ನು ಎತ್ತಿಬಿಡಿ. ಎಣ್ಣೆ ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಮುಚ್ಚಿಟ್ಟು, ನಾಲ್ಕೈದು ದಿನದೊಳಗೆ ಪಲ್ಯ, ಒಗ್ಗರಣೆಗೆ ಖಾಲಿ ಮಾಡಿ. ಹಳೆಯದಕ್ಕೆ ಹೊಸ ಎಣ್ಣೆ ಸುರಿಯಬೇಡಿ, ಹೊಸದೂ ಬೇಗ ಕೆಡುತ್ತದೆ. ಚೆಲ್ಲುವಾಗ ಸಿಂಕಿಗೆ ಬೇಡ, ಪೈಪು ಕಟ್ಟುತ್ತದೆ. ಹಳೆ ಪೇಪರಿನಲ್ಲಿ ಹೀರಿಸಿ ಕಸದ ಬುಟ್ಟಿಗೆ ಹಾಕಿ.