ಮದುವೆ ಆಗಲಿ ಅಂತ ಮದ್ದು ಮುಂದೂಡಬೇಡಿ

ಪ್ರಶ್ನೆ: ನನಗೆ 26 ವರ್ಷ. ಮಾನ್ವಿ ಹತ್ತಿರದ ಹಳ್ಳಿ. ಹೋದ ವರ್ಷ ಒಂದು ಕಣ್ಣು ಮಂಜಾಯಿತು, ಆಮೇಲೆ ಕಾಲು ಜೋಮು ಹಿಡಿಯಿತು. ಎಂಆರ್‌ಐ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಸ್ಟೆರಾಯ್ಡ್ ಕೊಟ್ಟ ಮೇಲೆ ಆರಾಮಾಗಿದ್ದೇನೆ. ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಡ್ರಿಪ್ ಹಾಕಿಸಿಕೊಳ್ಳಲು ಡಾಕ್ಟರ್ ಹೇಳಿದ್ದಾರೆ. ಅಕ್ಷಯ ತದಿಗೆಗೆ ನನ್ನ ಮದುವೆ. ‘ಈಗ ಆರಾಮಿದ್ದೀಯಲ್ಲ, ಆಸ್ಪತ್ರೆ ಸುದ್ದಿ ಎತ್ತಬೇಡ, ಅಮೃತಬಳ್ಳಿ ಕಷಾಯ ಕುಡಿ’ ಅಂತಾಳೆ ಅವ್ವ. ಹುಡುಗನಿಗೆ ಏನೂ ಗೊತ್ತಿಲ್ಲ. ಏನು ಮಾಡಲಿ?

ಉತ್ತರ: ತಂಗಿ, ಮದ್ದು ಶುರು ಮಾಡಿ. ಹುಡುಗನಿಗೂ ಹೇಳಿ. ಎರಡೂ ಮದುವೆಗೆ ಮೊದಲೇ ಆಗಲಿ.

ಅವ್ವನ ಸಂಕಟ ಅರ್ಥವಾಗುತ್ತದೆ. ಆದರೆ ಇದು ಶಕ್ತಿ ಸಾಲದೆ ಬಂದ ಕಾಯಿಲೆ ಅಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಮೈ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುತ್ತಿದೆ. ಅದಕ್ಕೆ ಇನ್ನಷ್ಟು ಶಕ್ತಿ ತುಂಬುವ ಕಷಾಯ ಯಾಕೆ? ಡಾಕ್ಟರನ್ನು ಕೇಳದೆ ಕುಡಿಯಲೇಬೇಡಿ. ಸ್ಟೆರಾಯ್ಡ್ ಬೇಗ ಚೇತರಿಸಿಕೊಳ್ಳಲು ನೆರವಾಯಿತು, ಅಷ್ಟೇ. ಮುಂದಿನ ದಾಳಿಯನ್ನು ಅದು ತಡೆಯುವುದಿಲ್ಲ. ನೀವು ಆರಾಮಾಗಿ ಓಡಾಡುತ್ತಿರುವಾಗಲೂ ಎಂಆರ್‌ಐಯಲ್ಲಿ ಹೊಸ ಕಲೆ ಕಾಣಿಸಬಹುದು. ಈ ದಾಳಿಯಲ್ಲಿ ಕೈಜೋಡಿಸುವ ಬಿ ಕಣಗಳೆಂಬ ಬಿಳಿ ರಕ್ತಕಣಗಳನ್ನು ರಿಟುಕ್ಸಿಮ್ಯಾಬ್ ಕಡಿಮೆ ಮಾಡುತ್ತದೆ. ಕ್ಯಾನ್ಸರ್ ಮದ್ದು ಅಂತ ಯಾರಾದರೂ ಹೆದರಿಸಿಯಾರು. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಲಿಂಫೋಮಾ ಎಂಬ ಕ್ಯಾನ್ಸರ್‌ಗೇ, ನಿಜ. ಈಗ ನಿಮ್ಮ ಕಾಯಿಲೆಗೂ ವೈದ್ಯರು ಬಳಸುತ್ತಾರೆ. ಈಗಾಗಲೇ ಕೆಟ್ಟ ನರವನ್ನು ಅದು ರಿಪೇರಿ ಮಾಡದು. ತಡ ಬೇಡ ಅನ್ನುವುದು ಅದಕ್ಕೇ.

ಸೋಂಕಿನ ಭಯ ಇದ್ದೇ ಇದೆ. ಡ್ರಿಪ್‌ಗೆ ಮೊದಲು ಹೆಪಟೈಟಿಸ್ ಬಿ, ಟಿಬಿ ಪರೀಕ್ಷೆ ಮತ್ತು ಬೇಕಾದ ಲಸಿಕೆ ಆಗಿರಲಿ. ಆಮೇಲೆ ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ.

ಇನ್ನು ಹುಡುಗ. ಆರು ತಿಂಗಳಿಗೊಮ್ಮೆ ಗಂಟೆಗಟ್ಟಲೆ ಡ್ರಿಪ್ ಹಾಕಿಸಿಕೊಳ್ಳುವುದನ್ನು ಗಂಡನಿಂದ ಎಷ್ಟು ದಿನ ಮುಚ್ಚಿಡಲಾದೀತು? ಹಿರಿಯರ ಬಾಯಿಂದ ಬೇಡ, ನೀವೇ ಕೂತು ಹೇಳಿ. ಮೊದಲು ಮಕ್ಕಳ ಬಗ್ಗೆಯೇ ಕೇಳಿಯಾರು. ಇದು ಅಂಟುರೋಗವಲ್ಲ. ತಾಯಿಯಾಗಲು ಅಡ್ಡಿಯಿಲ್ಲ, ಡಾಕ್ಟರಿಗೆ ಮೊದಲೇ ತಿಳಿಸಿದರೆ ಡ್ರಿಪ್ ಹೊಂದಿಸುತ್ತಾರೆ. ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 2. ಹೇಳಿದ ಮೇಲೆ ಸಂಬಂಧ ಮುರಿಯಲೂಬಹುದು, ನೋವಾಗುತ್ತದೆ. ಆದರೆ ಅತ್ತೆಮನೆಯಲ್ಲಿ ಕದ್ದುಮುಚ್ಚಿ ಡ್ರಿಪ್ ತಪ್ಪಿಸಿ ಇನ್ನೊಂದು ಕಣ್ಣೂ ಮಂಜಾದರೆ ಆ ನೋವು ಜಾಸ್ತಿ ಅಲ್ವಾ?

ಅಕ್ಷಯ ತದಿಗೆ ಹೊತ್ತಿಗೆ ರಾಯಚೂರು ಬಿಸಿಲು ನಿಮಗೆ ಗೊತ್ತೇ ಇದೆ. ಮೈ ಕಾದರೆ ಹಳೆಯ ಜೋಮು, ಕಣ್ಣಿನ ಮಂಜು ಸ್ವಲ್ಪ ಹೊತ್ತು ಮರಳಬಹುದು. ತಂಪಾದರೆ ಇಳಿಯುತ್ತದೆ, ಗಾಬರಿ ಬೇಡ. ಒಂದು ದಿನ ಕಳೆದರೂ ಇಳಿಯದಿದ್ದರೆ ಮಾತ್ರ ಆಸ್ಪತ್ರೆಗೆ ಹೋಗಿ. ಹಂದರದಲ್ಲಿ ಕೂಲರ್ ಇಡಿಸಿ, ರೇಷ್ಮೆ ಸೀರೆಯಲ್ಲಿ ಗಂಟೆಗಟ್ಟಲೆ ಕೂರಿಸಬೇಡ ಅಂತ ಅವ್ವನಿಗೆ ಈಗಲೇ ಹೇಳಿಡಿ.