ಲಸಿಕೆ ಕಾರ್ಡ್ ಕಳೆದರೆ ಮೊದಲಿನಿಂದ ಶುರುವೇ?

ಪ್ರಶ್ನೆ: ಡಾಕ್ಟರ್ ಮೇಡಂ, ಮಗಳಿಗೆ ಆರು ವರ್ಷ. ಮನೆ ಬದಲಿಸುವಾಗ ಅವಳ ಲಸಿಕೆ ಕಾರ್ಡ್ ಎಲ್ಲೋ ಹೋಯಿತು. ಐದನೇ ವರ್ಷದ ಬೂಸ್ಟರ್ ಹಾಕಿಸಿದ ನೆನಪಿಲ್ಲ. ಶಾಲೆಯವರು ದಾಖಲೆ ಕೇಳುತ್ತಿದ್ದಾರೆ. ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕು ಅಂತಾರೆ ಅತ್ತೆ. ಇವಳೋ, ಸೂಜಿ ಕಂಡರೆ ರಂಪ ಮಾಡ್ತಾಳೆ.
— ಹೆಸರು ಬೇಡ

ಉತ್ತರ: ಹಳೆಯ ದಾಖಲೆ ಸಿಕ್ಕರೆ ಮೊದಲಿನಿಂದ ಬೇಡಮ್ಮ. ನಡುವೆ ಎಷ್ಟು ದಿನ ಬಿಟ್ಟಿದ್ದರೂ ಹಿಂದೆ ಹಾಕಿಸಿದ್ದು ಲೆಕ್ಕಕ್ಕಿದೆ. ಬಿಟ್ಟುಹೋದ ಡೋಸ್‌ನಿಂದ ಮುಂದುವರಿಸಿದರೆ ಸಾಕು. ಅತ್ತೆಯವರಿಗೆ ನಾನೇ ಹೇಳಿದೆ ಅನ್ನಿ.

ಆದರೆ ಕಾರ್ಡ್ ಹುಡುಕುವುದನ್ನು ಬಿಡಬೇಡಿ. ಮೊದಲು ಲಸಿಕೆ ಹಾಕಿಸಿದ ಕಡೆ ವಿಚಾರಿಸಿ. ಅಲ್ಲಿನ ರಿಜಿಸ್ಟರ್‌ನಲ್ಲೋ ಕಂಪ್ಯೂಟರ್‌ನಲ್ಲೋ ಮಗುವಿನ ಹುಟ್ಟಿದ ತಾರೀಖಿನ ಮೇಲೆ ಹುಡುಕಿದರೆ ಎಷ್ಟೋ ಸಲ ಸಿಗುತ್ತದೆ. ‘ಎಲ್ಲಾ ಹಾಕಿಸಿದ್ದೇವೆ’ ಅನ್ನೋ ಬಾಯಿಮಾತನ್ನು ನಾವು ಡಾಕ್ಟರುಗಳು ನಂಬುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಬರೆದಿದ್ದು ಸಿಗದಿದ್ದರೆ ಹಾಕಿಸಿಲ್ಲ ಎಂದೇ ಲೆಕ್ಕ. ದಡಾರ-ರುಬೆಲ್ಲಾ ಲಸಿಕೆ ಒಂದು ಹೆಚ್ಚಾದರೆ ತೊಂದರೆಯಿಲ್ಲ. ಧನುರ್ವಾಯು ಲಸಿಕೆ ಹಾಗಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಆದರೆ ತೋಳು ಕೆಂಪಾಗಿ ಊದಿಕೊಳ್ಳಬಹುದು. ಹಳೆಯ ದಾಖಲೆ ಹುಡುಕಿ ಅನ್ನೋದು ಇದಕ್ಕೇ.

ಈ ಬೂಸ್ಟರ್ ಯಾಕೆ ಅಂದ್ರೆ, ಕೂಸಿದ್ದಾಗ ಹಾಕಿಸಿದ ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯು ಲಸಿಕೆಗಳ ಬಲ ವರ್ಷ ಕಳೆದಂತೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 4ರಿಂದ 7 ವರ್ಷದೊಳಗೆ ಒಂದು, 9ರಿಂದ 15ರೊಳಗೆ ಇನ್ನೊಂದು ಬೂಸ್ಟರ್ ಹೇಳುತ್ತದೆ. ನಿಮ್ಮ ಮಗಳಿಗೆ ಇನ್ನೂ ಸಮಯ ಇದೆ, ತಡ ಮಾಡಬೇಡಿ. 7 ದಾಟಿದ ಮೇಲೆ ಗಂಟಲಮಾರಿಯ ಅಂಶ ಕಡಿಮೆ ಇರುವ ಬೇರೆ ಲಸಿಕೆ ಕೊಡಬೇಕಾಗುತ್ತದೆ. ದಡಾರದ್ದು ಎರಡು ಡೋಸ್ ಆಗಿದೆಯಾ ಎಂದೂ ನೋಡಿ. ದಡಾರ ಬಂದ ಮಗು ತರಗತಿಯಿಂದ ಎದ್ದು ಹೋದ ಮೇಲೂ ಎರಡು ಗಂಟೆವರೆಗೆ ಆ ಗಾಳಿಯಲ್ಲಿ ವೈರಸ್ ಉಳಿಯಬಹುದು. ಶಾಲೆಯವರು ದಾಖಲೆ ಕೇಳೋದು ಸುಮ್ನೆ ಅಲ್ಲ.

ಸಣ್ಣ ನೆಗಡಿ ಇದ್ದರೆ ಮುಂದೂಡಬೇಡಿ. ಜೋರು ಜ್ವರ ಇದ್ದರೆ ಮಾತ್ರ ಕಾಯಿರಿ.

ಇನ್ನು ರಂಪದ ವಿಚಾರ. ‘ನೋವೇ ಆಗಲ್ಲ ಪುಟ್ಟಿ’ ಅಂತ ಮಾತ್ರ ಹೇಳಬೇಡಿ. ಮುಂದಿನ ಸಲ ನಿಮ್ಮ ಯಾವ ಮಾತನ್ನೂ ನಂಬಲ್ಲ. ‘ಸ್ವಲ್ಪ ಚುರ್ ಅನ್ನುತ್ತೆ, ಬೇಗ ಮುಗಿಯುತ್ತೆ’ ಅನ್ನಿ. ಮಂಚದ ಮೇಲೆ ಮಲಗಿಸಿ ಕೈಕಾಲು ಅದುಮಿ ಹಿಡಿದರೆ ಹೆದರಿಕೆ ದುಪ್ಪಟ್ಟಾಗುತ್ತದೆ. ನಮ್ಮಲ್ಲಿ ತಾಯಿಯ ತೊಡೆ ಮೇಲೆ, ಎದೆಗೆ ಎದೆ ತಾಗುವ ಹಾಗೆ ಕೂರಿಸುತ್ತೇವೆ. ಒಂದು ತೋಳು ತಾಯಿಯ ಬೆನ್ನ ಹಿಂದೆ, ಇನ್ನೊಂದು ನರ್ಸ್ ಕಡೆಗೆ. ಅಂಗೈ ಮುಂದೆ ಹಿಡಿದು ‘ಮೇಣದಬತ್ತಿ ಆರಿಸು’ ಅನ್ನುತ್ತಾರೆ ನಮ್ಮ ನರ್ಸಮ್ಮ. ಮಗು ಉಫ್ ಅನ್ನುವಷ್ಟರಲ್ಲಿ ಸೂಜಿ ಹೊರಗೆ. ಆಮೇಲೆ ಅತ್ತರೂ ಅಳಲಿ ಬಿಡಿ.

ಹೊಸ ಕಾರ್ಡ್‌ನಲ್ಲಿ ತಾರೀಖು, ಸಹಿ ಹಾಕಿಸಿ, ಅಲ್ಲೇ ನಿಂತು ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಬಿಡಿ. ಶಾಲೆಗೆ ನಕಲು ಕೊಟ್ಟರೆ ಸಾಕು, ಅಸಲು ಕೊಡಬೇಡಿ.

ಪ್ರಶ್ನೆ: ಶಾಲೆಯ ಆರೋಗ್ಯ ಫಾರ್ಮ್‌ನಲ್ಲಿ ಕಣ್ಣಿನ ಪರೀಕ್ಷೆಯ ಕಾಲಂ ಇದೆ. ಮಗ ಚೆನ್ನಾಗಿಯೇ ಓದುತ್ತಾನೆ. ‘ಸರಿಯಿದೆ’ ಎಂದು ನಾವೇ ಬರೆಯಬಹುದಲ್ವಾ?
— ಒಬ್ಬ ತಂದೆ

ಉತ್ತರ: ಬೇಡಿ ಸ್ವಾಮಿ. ಒಂದು ಕಣ್ಣು ಮಂಜಾಗಿದ್ದರೂ ಇನ್ನೊಂದು ಕಣ್ಣು ಕೆಲಸ ನಡೆಸಿಕೊಂಡು ಹೋಗುತ್ತದೆ. ಮಗು ದೂರು ಹೇಳುವುದೇ ಇಲ್ಲ, ಎಲ್ಲರಿಗೂ ಹೀಗೇ ಕಾಣುತ್ತೆ ಅಂದುಕೊಂಡಿರುತ್ತದೆ. ಆ ಕಣ್ಣು ಸೋಮಾರಿಯಾದರೆ, ಏಳು ವರ್ಷದೊಳಗೆ ಶುರುಮಾಡಿದ ಚಿಕಿತ್ಸೆಗೆ ಸಿಗುವ ಫಲ ಆಮೇಲೆ ಅಷ್ಟು ಸುಲಭವಾಗಿ ಸಿಗಲ್ಲ. ಒಂದೊಂದೇ ಕಣ್ಣು ಮುಚ್ಚಿ ಅಕ್ಷರ ಓದಿಸುವ ಪರೀಕ್ಷೆ ಅದು, ಹೆಚ್ಚು ಹೊತ್ತು ಬೇಕಿಲ್ಲ. ಮಾಡಿಸಿಯೇ ಬರೆಯಿರಿ.